ಅರಿಶಿಣ ಉಂಡ ಗೋಡೆ

ನಮ್ಮ ಕಮಾನ ಓಣಿಯಲ್ಲಿ ಬೆಳಗಾದರೆ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದ ಮೊದಲ ಮಾತು ಚಹಾ ಆಯಿತೇ ಎಂದಲ್ಲ, "ಗ್ವಾಡಿಗಿ ಉಣ್ಣಾಕ ಹಾಕಿದ್ಯಾ?" ಎಂದು. ಹೊರಗಿನವರು ಕೇಳಿದ್ದರೆ ಬಾಂಬಿನ ಸದ್ದಿಗೆ ಈ ಜನಕ್ಕೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ತಲೆ ಸರಿಯಾಗಿಯೇ ಇತ್ತು. ನಮ್ಮ ಗೋಡೆಗಳಿಗೆ ನಿಜವಾಗಿಯೂ ಹಸಿವಾಗುತ್ತಿತ್ತು. ಪ್ರತಿ ಗೋಡೆಯ ಬುಡದಲ್ಲಿ ಬೆರಳು ತೂರುವಷ್ಟು ಒಂದು ತೂತು, ಅದರೊಳಗೆ ದಿನಾ ಒಂದು ತಂಬಿಗೆ ಬೆಲ್ಲದ ನೀರು. ಈ ಅಭ್ಯಾಸ ಹಚ್ಚಿದವಳು ನಾನೇ ಆದ್ದರಿಂದ ಬೈಗುಳವೂ ನನಗೇ ಬರುತ್ತಿತ್ತು. ರೇಷನ್ನಿನ ಬೆಲ್ಲವೆಲ್ಲ ಗೋಡೆಯ ಪಾಲಾಗಿ ನಮ್ಮ ಅಮ್ಮಿ ಸಪ್ಪನೆಯ ಚಹಾ ಕುಡಿಯುತ್ತ, "ಮಗಳು ಡಾಕ್ಟರ್ ಆಗಿದ್ದಕ್ಕ ಇಷ್ಟ ಲಾಭ ನೋಡು, ನನಗ ಸಕ್ರಿ ಬ್ಯಾನಿ ಬರೂದಿಲ್ಲ" ಎಂದು ಕುಟುಕುತ್ತಿದ್ದಳು. ನಾನು ರೋಗಿಗಳ ಡಾಕ್ಟರಲ್ಲ, ಸೂಕ್ಷ್ಮಜೀವಿಗಳನ್ನು ಓದಿದವಳು ಎಂದು ಅವಳಿಗೆ ಹೇಳಿ ಹೇಳಿ ಸಾಕಾಗಿತ್ತು.

ನನ್ನ ಹೆಸರು ಜೈತೂನ ಮುಜಾವರ. ಹುಟ್ಟಿದ್ದು, ಬೆಳೆದದ್ದು ವಿಜಯಪುರದ ಕೋಟೆಗೋಡೆಯೊಳಗೆ, ಗೋಳಗುಮ್ಮಟದ ನೆರಳು ಸಂಜೆಗೆ ಬಂದು ತಲುಪುವ ಈ ಓಣಿಯಲ್ಲಿ. ಬಾದಶಹರ ಕಾಲದ ಕಲ್ಲುಗಳಿಂದಲೇ ಕಟ್ಟಿದ ಮನೆಗಳು ನಮ್ಮವು. ಯಾವ ಕಲ್ಲು ಮಹಲಿನದು, ಯಾವುದು ಕುದುರೆಲಾಯದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಅರಮನೆಯ ಹೂಬಳ್ಳಿ ಕೆತ್ತಿದ ಕಲ್ಲಿನ ಮೇಲೆ ನಾವು ಬಟ್ಟೆ ಒಗೆಯುತ್ತಿದ್ದೆವು.

ಯುದ್ಧವೆಂದರೆ ಗಡಿಯಲ್ಲಿ ನಡೆಯುವುದು, ಟೀವಿಯಲ್ಲಿ ನೋಡುವುದು ಎಂದು ನಂಬಿಕೊಂಡಿದ್ದ ನಮ್ಮ ಮೇಲೆ ಒಂದು ಮಧ್ಯಾಹ್ನ ವಿಮಾನಗಳು ಬಂದವು. ಅವುಗಳಿಗೆ ಬೇಕಾಗಿದ್ದದ್ದು ರೈಲ್ವೆ ಯಾರ್ಡು ಎಂದು ಆಮೇಲೆ ಹೇಳಿದರು. ಬಾಂಬುಗಳಿಗೆ ಅದನ್ನು ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಗೋಳಗುಮ್ಮಟ ಉಳಿಯಿತು, ಅದರ ಸುತ್ತಲಿನ ಹಳೇ ಊರು ಉಳಿಯಲಿಲ್ಲ. ನಮ್ಮ ಓಣಿಯವರು ಬದುಕಿದ್ದು ಸಾವಂತ್ರೆವ್ವನ ಮನೆಯ ಹಗೇವಿನಿಂದ. ಜೋಳ ತುಂಬಿಡುವ ನೆಲದೊಳಗಿನ ಆ ಕಣಜ ಆ ವರ್ಷ ಖಾಲಿಯಿತ್ತು. ಅವಳ ಗಂಡ ಮಲಕಾಜಪ್ಪ ಬಾಗಿಲಲ್ಲಿ ನಿಂತು ಓಣಿಯವರನ್ನೆಲ್ಲ ರಟ್ಟೆ ಹಿಡಿದು ಒಳಗೆ ಎಳೆದು ಹಗೇವಿಗೆ ಇಳಿಸಿದ. ಕೊನೆಗೆ ಎಳೆದದ್ದು ನನ್ನನ್ನು ಮತ್ತು ಅಮ್ಮಿಯನ್ನು. ನಾವು ಒಳಗೆ ಬಿದ್ದೆವು, ಅವನು ಹೊಸ್ತಿಲ ಮೇಲೆ ಬಿದ್ದ. ಹೊರಗೆ ಬಂದು ನೋಡಿದಾಗ ಇಡೀ ಓಣಿಯಲ್ಲಿ ನಿಂತದ್ದು ಆ ಬಾಗಿಲು ಒಂದೇ. ಎರಡು ಕಲ್ಲಿನ ನಿಲುವು, ಮೇಲೊಂದು ತೊಲೆಗಲ್ಲು, ಕೆಳಗೆ ಆ ಹೊಸ್ತಿಲು.

ಬಾಂಬು ಬಿದ್ದ ಜಾಗದಲ್ಲಿ ಕಲ್ಲು ಪುಡಿಯಾಗುವುದು ಎಲ್ಲರಿಗೂ ಕಾಣುತ್ತದೆ. ಕಾಣದ ಪೆಟ್ಟು ಬೇರೆಯೇ ಇರುತ್ತದೆ. ಸ್ಫೋಟದ ಅಲೆ ನೆಲದೊಳಗೆ ಹರಿದು, ಗಟ್ಟಿಯಾಗಿ ಕಾಣುವ ಕಲ್ಲಿನ ಹೊಟ್ಟೆಯಲ್ಲೂ ಕೂದಲೆಳೆಯಂಥ ಬಿರುಕು ಬಿಡಿಸಿರುತ್ತದೆ. ಅಂಥ ಕಲ್ಲಿನ ಮೇಲೆ ಸಿಮೆಂಟು ಬಳಿದರೆ ಒಳಗಿನ ಬಿರುಕು ಹಾಗೆಯೇ ಉಳಿಯುತ್ತದೆ. ಬಳಿಯಲಿಕ್ಕೂ ನಮಗೆ ಸಿಮೆಂಟು ಸಿಗುತ್ತಿರಲಿಲ್ಲ, ಅದೆಲ್ಲ ಸೇತುವೆಗಳಿಗೂ ಬಂಕರುಗಳಿಗೂ ಹೋಗುತ್ತಿತ್ತು. ಬಿದ್ದ ಕಮಾನಿನ ಹಳೆಯ ಗಾರೆಯನ್ನು ಒಂದು ದಿನ ಸುಮ್ಮನೆ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅದರೊಳಗೆ ನಿದ್ದೆ ಹೋದ ಜೀವಾಣುಗಳು ಕಂಡವು. ಹಿಂದಿನವರು ಗಾರೆ ಅರೆಯುವಾಗ ಬೆಲ್ಲ ಬೆರೆಸುತ್ತಿದ್ದರು. ಬೆಲ್ಲದ ಬೆನ್ನು ಹತ್ತಿ ಒಳಹೊಕ್ಕ ಇವು ಅಲ್ಲೇ ಮಲಗಿಬಿಟ್ಟಿದ್ದವು. ಎಬ್ಬಿಸಿ ಬೆಲ್ಲ ಕೊಟ್ಟೆ. ತಿಂದವು, ತಿಂದು ಸುಣ್ಣದ ಕಲ್ಲನ್ನು ಕಕ್ಕಿದವು. ಬಿರುಕಿನೊಳಗೆ ಬಿಟ್ಟರೆ ಬಿರುಕನ್ನೇ ತುಂಬಿ ಹೊಲಿದುಬಿಡುತ್ತಿದ್ದವು. ಅವುಗಳನ್ನು ಇನ್ನಷ್ಟು ಚುರುಕುಗೊಳಿಸಿ, ಕಲ್ಲುಪುಡಿಯೊಂದಿಗೆ ಕಲಸಿ, ಜೀವಗಾರೆ ಎಂದು ಹೆಸರಿಟ್ಟೆವು. ಬಿದ್ದ ಕಲ್ಲುಗಳನ್ನೇ ಅದರಿಂದ ಜೋಡಿಸಿ ಓಣಿಯ ಮನೆಗಳನ್ನು ಮತ್ತೆ ಎಬ್ಬಿಸಿದೆವು.

ಪ್ರಯೋಗಾಲಯ ಎಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ಯುದ್ಧಕ್ಕೆ ಮುಂಚೆ ಒಣದ್ರಾಕ್ಷಿ ಇಡುತ್ತಿದ್ದ ತಂಪು ಗೋದಾಮು ಅದು. ಎಷ್ಟು ತೊಳೆದರೂ ದ್ರಾಕ್ಷಿಯ ವಾಸನೆ ಹೋಗಿರಲಿಲ್ಲ. ಅಲ್ಲಿ ನಾನು ಮತ್ತು ನಾಗನಾಥ ಎಂಬ ಇಂಜಿನಿಯರು. ಪ್ರತಿ ಗೋಡೆಯೊಳಗೆ ಅಕ್ಕಿಕಾಳಿನಷ್ಟು ಸಂವೇದಕಗಳನ್ನು ಹುದುಗಿಸಿದವನು ಅವನು. ಗೋಡೆಯೊಳಗಿನ ಜೀವಾಣುಗಳು ಉಸಿರಾಡುತ್ತಿದ್ದರೆ ನಮ್ಮ ಪರದೆಯ ಮೇಲೆ ಹಸಿರು ಚುಕ್ಕಿ, ಏದುಸಿರಾದರೆ ಹಳದಿ, ನಿಂತರೆ ಕೆಂಪು. ಓಣಿಯೆಲ್ಲ ಹಸಿರಾಗಿದ್ದ ದಿನ ಅವನು ಹಳೆಯ ಹಾಡು ಗುನುಗುತ್ತ ಕುಳಿತಿರುತ್ತಿದ್ದ.

ಜನ ಹೊಂದಿಕೊಂಡ ಬಗೆ ನೋಡಿದರೆ ಹೆಮ್ಮೆಯೆನಿಸುತ್ತಿತ್ತು. ಹೊಸ ಗೋಡೆ ಅಂಬಲಿಯ ಹಾಗೆ ಹುಳಿ ವಾಸನೆ ಬೀರುತ್ತಿತ್ತು, ಒಂದೆರಡು ವಾರದಲ್ಲಿ ಯಾರಿಗೂ ಅದು ವಾಸನೆ ಎನ್ನಿಸದಾಯಿತು. ಜೀವಾಣು ದುಡಿಯುವಾಗ ಗೋಡೆ ಬೆಚ್ಚಗಿರುತ್ತಿತ್ತು, ಮುದುಕರು ಬೆನ್ನು ಹಚ್ಚಿ ಕುಳಿತು ಮಂಡಿನೋವು ಮರೆಯುತ್ತಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು, ಸೋಪಿನ ನೀರು ಎರಚಬಾರದು ಎಂದೆಲ್ಲ ನಾನು ಹೇಳಿದ್ದೆ. ಎಳೆಗೂಸಿಗೆ ಮಾಡುವ ಹಾಗೆ ಎಲ್ಲ ಪಾಲಿಸುತ್ತಿದ್ದರು.

ಊರನ್ನು ಮತ್ತೆ ಕಟ್ಟುವ ಸರಕಾರಿ ಪ್ರಾಧಿಕಾರದಿಂದ ಬಂದಿದ್ದ ಅರಕೇರಿ ಸಾಹೇಬರು ಮಾತ್ರ ಮಣಿಯಲಿಲ್ಲ. ಅವರ ಮಾತು ಮೊದಲ ದಿನದಿಂದಲೂ ಒಂದೇ. "ನೋಡ್ರಿ ಡಾಕ್ಟರ್, ದಸರಾ ಮುಗದ ಮ್ಯಾಲ ಬರ್ತೀನಿ. ಒಂದೊಂದ ಮನಿ ಮ್ಯಾಲೂ ಅದು ಹೊರೂ ಭಾರದ ಎರಡರಷ್ಟು ಮರಳಿನ ಚೀಲ ಹೇರ್ತೀನಿ. ಎಲ್ಲಾ ನಿಂತ್ರ ಇಡೀ ಹಳೇ ಊರು ಇದ್ದಲ್ಲೇ ಕಟ್ಟೂಣು, ನಾನ ಮುಂದ ನಿಂತು ಕಟಸ್ತೀನಿ. ಒಂದ ಮನಿ ಬಿದ್ರೂ ಬುಲ್ಡೋಜರ್ ಬರ್ತಾವ. ಬೈಪಾಸ್ ಆಚೆ ತಗಡಿನ ಕಾಲೊನಿ ತಯಾರೈತಿ."

ಅರಕೇರಿ ಕೆಟ್ಟ ಮನುಷ್ಯನಾಗಿದ್ದರೆ ಸುಲಭವಿತ್ತು, ಜಗಳವಾದರೂ ಆಡಬಹುದಿತ್ತು. ಬೇರೆ ಊರೊಂದರಲ್ಲಿ ಅವಸರದಿಂದ ಕಟ್ಟಿದ ಮನೆ ಕುಸಿದು ಸತ್ತವರನ್ನು ಅವರೇ ಹೊರತೆಗೆದಿದ್ದರು. ಅವರ ಹಟಕ್ಕೆ ಅರ್ಥವಿತ್ತು, ನಮ್ಮ ಹಟಕ್ಕೂ ಅರ್ಥವಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಪರದೆಯ ಮೇಲೆ ಮೊದಲ ಕೆಂಪು ಚುಕ್ಕಿ ಕಂಡಿತು. ಸಾವಂತ್ರೆವ್ವನ ಬಾಗಿಲ ಬುಡದಲ್ಲಿ. ಮರುದಿನ ಹಿರೇಮಠರ ಬಾಗಿಲು, ಆಮೇಲೆ ಬಡಿಗೇರರದು. ಗೋಡೆಗಳೆಲ್ಲ ಸುಖವಾಗಿ ಉಸಿರಾಡುತ್ತಿವೆ, ಬಾಗಿಲ ಬುಡ ಮಾತ್ರ ಸಾಯುತ್ತಿದೆ. ಹೋಗಿ ಮುಟ್ಟಿದರೆ ಗಾರೆ ಉದುರುಬೆಲ್ಲದ ಹಾಗೆ ಕೈಗೆ ಬರುತ್ತಿತ್ತು. ನೀರು ಪರೀಕ್ಷಿಸಿದೆವು, ಬೆಲ್ಲ ಪರೀಕ್ಷಿಸಿದೆವು, ಕಾಲ್ತುಳಿತ ಕಾರಣವಿರಬಹುದೆಂದು ಹಲಗೆ ಹಾಕಿಸಿದೆವು. ಯಾವುದರಿಂದಲೂ ಕಾರಣ ತಿಳಿಯಲಿಲ್ಲ.

"ಮೇಡಂ, ಒಂದು ಮಾತು, ಬೇಜಾರಾಗಬ್ಯಾಡ್ರಿ" ಎಂದು ಪರದೆಯನ್ನೇ ನೋಡುತ್ತ ನಾಗನಾಥ ಹೇಳಿದ. "ಕೆಂಪಾಗಿದ್ದು ಯಾರ್‍ಯಾರ ಮನಿ ನೋಡ್ರಿ. ನಿಮ್ಮ ಮನಿ ಹಸಿರು. ಬೇಪಾರಿಯವರದು ಹಸಿರು. ಜಮಾದಾರರದು ಹಸಿರು."

ನಾನು ನೋಡಿದ್ದೆ. ಓಣಿಯೂ ನೋಡಿತ್ತು. ಪರದೆ ಇಲ್ಲದೆಯೇ ಜನಕ್ಕೆ ತಮ್ಮ ಬಾಗಿಲು ಉದುರುವುದೂ ಪಕ್ಕದವರದು ನಿಂತಿರುವುದೂ ಕಾಣುತ್ತಿತ್ತು. ಅಂಗಡಿಕಟ್ಟೆಯಲ್ಲಿ ನಾನು ಹೋದರೆ ಮಾತು ನಿಲ್ಲತೊಡಗಿತು. "ತಮ್ಮವರಿಗಿ ಬ್ಯಾರೆ ಗಾರಿ ಕೊಟ್ಟಾಳ" ಎಂಬ ಪಿಸುಮಾತು ಅಮ್ಮಿಯ ಕಿವಿಗೂ ಬಿತ್ತು. ಎರಡು ಮನೆಯವರು ಗೋಡೆಗೆ ಬೆಲ್ಲ ಹಾಕುವುದನ್ನೇ ಬಿಟ್ಟರು. ಬಾಂಬು ಬಿದ್ದಾಗ ಒಂದೇ ಹಗೇವಿನಲ್ಲಿ ಒಬ್ಬರ ಉಸಿರನ್ನು ಒಬ್ಬರು ಕುಡಿದು ಬದುಕಿದವರು ನಾವು. ಆ ಮಾತು ಕೇಳಿ ನನಗೆ ಆದಷ್ಟು ನೋವು ಬಾಂಬು ಬಿದ್ದಾಗಲೂ ಆಗಿರಲಿಲ್ಲ. ಬಾಂಬು ಹಾಕಿದವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಇವರಿಗೆ ಗೊತ್ತಿತ್ತು.

ಸಾವಂತ್ರೆವ್ವ ಪಿಸುಗುಟ್ಟುವ ಜಾತಿಯಲ್ಲ. ನೇರ ಗೋದಾಮಿಗೆ ಬಂದು ನನ್ನ ಮೇಜಿನ ಮುಂದೆ ಕುಳಿತಳು.

"ಜೈತೂನಾ, ಮಂದಿ ಹಿಂಗ ಅಂತಾರ. ನಿನ್ನ ಬಾಯಿಲೆ ಕೇಳಿ ಹೋಗಾಕ ಬಂದೀನಿ. ಬ್ಯಾರೆ ಗಾರಿ ಕೊಟ್ಟೀಯೇನು?"

"ಇಲ್ಲ ದೊಡ್ಡವ್ವ. ಎಲ್ಲಾ ಒಂದ ಡಬ್ಬ್ಯಾಂದು."

"ಸಾಕು" ಎಂದು ಎದ್ದಳು. "ಇನ್ನ ಯಾರರ ಅಂದ್ರ ಅವರ ಬಾಯಾಗ ಅದ ಗಾರಿ ತುರುಕ್ತೀನಿ. ಆದ್ರ ಲಗೂನ ಕಾರಣ ಹುಡುಕು ಮಗಳ. ಆ ಬಾಗಲಾ ಬಿತ್ತಂದ್ರ ನನಗ ಮನ್ಯಾಗ ಮತ್ತೇನೂ ಇಲ್ಲ."

ಆಮೇಲೆ ಹುಡುಕಿದ್ದೆಂದರೆ ಹುಡುಕಿದ್ದೇ. ಓಣಿಯ ಒಂದೊಂದು ಮನೆಯ ಮಣ್ಣು, ನೀರು, ಗಾಳಿಯನ್ನು ತಂದು ಅಳೆದೆವು. ಕಾರಣ ಸಿಕ್ಕಿದ್ದು ಬೇಪಾರಿಯವರ ಮನೆಯ ಮದುವೆಯಿಂದ. ಯುದ್ಧ ಮುಗಿದ ಮೇಲೆ ಓಣಿಯಲ್ಲಿ ನಡೆದ ಮೊದಲ ಮದುವೆ ಅದು. ಮಗಳನ್ನು ಕಳಿಸಿಕೊಟ್ಟ ವಾರಕ್ಕೆ ಅವರ ಹಿತ್ತಲ ಗೋಡೆ ಪರದೆಯ ಮೇಲೆ ಕೆಂಪಾಯಿತು. ನಾಗನಾಥ ಕುಣಿದುಬಿಟ್ಟ. "ಮೇಡಂ, ಬೇಪಾರಿಯವರದೂ ಹೋತು. ಇನ್ನ ಯಾರೂ ನಿಮಗೇನೂ ಅನ್ನೂಹಂಗಿಲ್ಲ." ಒಂದು ಗೋಡೆ ಸತ್ತದ್ದಕ್ಕೆ ಹಾಗೆ ಸಂತೋಷಪಟ್ಟವನನ್ನು ನಾನು ನೋಡಿಲ್ಲ.

ಓಡಿ ಹೋಗಿ ನೋಡಿದೆ. ಬಚ್ಚಲ ಪಕ್ಕ, ಮದುಮಗಳನ್ನು ಕೂರಿಸಿ ಅರಿಶಿಣ ಹಚ್ಚಿ ಸ್ನಾನ ಮಾಡಿಸಿದ ಜಾಗ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಹಳದಿ ಕಲೆ. ಕಲೆ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಗಾರೆ ಉದುರಿತ್ತು, ಅದರಾಚೆ ಒಂದು ಬೆರಳೂ ಇಲ್ಲ. ನಾನು ಅಲ್ಲೇ ಬಚ್ಚಲಕಲ್ಲಿನ ಮೇಲೆ ಕುಳಿತುಬಿಟ್ಟೆ. ಕಾಲು ಕೊಯ್ದರೆ, ಕೈ ಸುಟ್ಟರೆ ಈ ಓಣಿಯ ಯಾವ ತಾಯಿಯಾದರೂ ಮೊದಲು ಒತ್ತುವುದು ಅರಿಶಿಣವನ್ನು. ಯಾಕೆಂದರೆ ಅದು ಕೀವು ಆಗಗೊಡುವುದಿಲ್ಲ, ಜೀವಾಣುಗಳನ್ನು ಕೊಲ್ಲುತ್ತದೆ. ನನ್ನ ಗೋಡೆಯೊಳಗೆ ಇದ್ದದ್ದೂ ಜೀವಾಣುಗಳೇ.

ಗೋದಾಮಿಗೆ ಮರಳಿ ಗಾಜಿನ ತಟ್ಟೆಯಲ್ಲಿ ಜೀವಾಣು ಬೆಳೆಸಿ ನಡುವೆ ಚಿಟಿಕೆ ಅರಿಶಿಣ ಇಟ್ಟೆವು. ಮರುದಿನ ಅದರ ಸುತ್ತ ಬಟ್ಟಲಗಲ ಬೋಳು. ಸಾವಂತ್ರೆವ್ವನ, ಹಿರೇಮಠರ, ಬಡಿಗೇರರ ಮನೆಗಳಲ್ಲಿ ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆದು ಅರಿಶಿಣ ಹಚ್ಚುತ್ತಾರೆ, ನಮ್ಮ ಮನೆಗಳಲ್ಲಿ ಹಚ್ಚುವುದಿಲ್ಲ. ಬೇರೆ ಗಾರೆಯೂ ಇಲ್ಲ, ಬೇರೆ ಮನಸ್ಸೂ ಇಲ್ಲ. ಮೊಳೆ ಬೇಡ, ಸೋಪು ಬೇಡ ಎಂದು ಹೇಳಿದ ನಮಗೆ ಅರಿಶಿಣದ ನೆನಪೇ ಆಗಿರಲಿಲ್ಲ. ಹಚ್ಚುವವರಿಗೆ ಅದು ಗೋಡೆಗೆ ಹಾಕುವ ಪದಾರ್ಥ ಎಂದು ಅನ್ನಿಸಿಯೇ ಇರಲಿಲ್ಲ.

ಬಿದ್ದ ಕಮಾನಿನ ಬುಡದಲ್ಲಿ ಓಣಿಯವರನ್ನೆಲ್ಲ ಸೇರಿಸಿ, ತಟ್ಟೆ ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲು ಹಿರೇಮಠರ ಸೊಸೆ ನಗತೊಡಗಿದಳು, ನಗು ಎಲ್ಲರಿಗೂ ಹಬ್ಬಿತು. ಬೆಲ್ಲ ನಿಲ್ಲಿಸಿದ್ದ ಎರಡು ಮನೆಯವರು ತಲೆ ತಗ್ಗಿಸಿಕೊಂಡು ಬಂದು ಅಮ್ಮಿಯ ಕೈಗೆ ಬೆಲ್ಲದ ಹೆಂಟೆ ಕೊಟ್ಟು ಹೋದರು. ಪರೀಕ್ಷೆ ಮುಗಿಯುವ ತನಕ ಹೊಸ್ತಿಲಿಗೆ ಅರಿಶಿಣ ಬೇಡ, ಬರೀ ರಂಗೋಲಿ ಸಾಕು ಎಂದು ತೀರ್ಮಾನವಾಯಿತು.

ಒಬ್ಬಳು ಮಾತ್ರ ಒಪ್ಪಲಿಲ್ಲ.

"ನಾ ಬಿಡೂದಿಲ್ಲ" ಎಂದಳು ಸಾವಂತ್ರೆವ್ವ. "ಅವರು ಬಿದ್ದ ಜಾಗ ಐತಿ ಅದು. ನೀರು ಹಾಕಿ ತಿಕ್ಕಿದ್ರ ರಕ್ತದ ಕಲಿ ಹೋಗ್ಲಿಲ್ಲ. ಅರಿಶಿಣ ಹಚ್ಚಿ ಹಚ್ಚಿ ಮುಚ್ಚೀನಿ. ಗಂಡ ಸತ್ತಾಕಿ ಹೊಸ್ತಲಾ ಪೂಜಿ ಮಾಡಬಾರದಂತ ಇದ ಓಣ್ಯಾಗ ಅಂದಾರ. ಅವಾಗೂ ಬಿಡ್ಲಿಲ್ಲ, ಈಗೂ ಬಿಡೂದಿಲ್ಲ."

ನಾನು ಗಾಜಿನ ತಟ್ಟೆ ಮುಚ್ಚಿ ಎತ್ತಿಕೊಂಡೆ. ಆ ಮನುಷ್ಯನ ಕೈಯ ಬಿಗಿ ನನ್ನ ರಟ್ಟೆಯ ಮೇಲೆ ಇನ್ನೂ ಇತ್ತು.

ಉಳಿದವರು ಅರಿಶಿಣ ಬಿಟ್ಟರೂ ಬಾಗಿಲುಗಳು ಹಸಿರಾಗಲಿಲ್ಲ. ಹಳೆಯ ಅರಿಶಿಣ ಮಳೆನೀರಿನೊಂದಿಗೆ ಕಲ್ಲಿನ ಬಿರುಕುಗಳಿಗೆ ಇಳಿದಿತ್ತು. ಹೊಸ ಗಾರೆ ತುಂಬಿದರೆ ಅದೂ ಸಾಯುತ್ತಿತ್ತು. ಅರಿಶಿಣ ತಾಳಿಕೊಳ್ಳುವ ಹೊಸ ತಳಿಯನ್ನು ಗೋದಾಮಿನಲ್ಲಿ ಬೆಳೆಸಬೇಕೆಂದರೆ ವರ್ಷವಾದರೂ ಬೇಕು. ದಸರೆಗೆ ಉಳಿದದ್ದು ಕೆಲವೇ ವಾರ. ನಾಗನಾಥ ಹಾಡುವುದನ್ನು ಬಿಟ್ಟಿದ್ದ.

ಒಂದು ದಿನ ಅವನೇ ಪರದೆಯ ಮೂಲೆಯಲ್ಲಿ ಬೆರಳಿಟ್ಟ. ಸಾವಂತ್ರೆವ್ವನ ಹೊಸ್ತಿಲ ಕಲ್ಲಿನ ಬಿರುಕಿಗೆ ಗಾರೆ ತುಂಬುವಾಗ ಹುದುಗಿಸಿದ್ದ ಒಂದು ಸಂವೇದಕ ಎಷ್ಟೋ ದಿನಗಳಿಂದ ಹಸಿರು ತೋರಿಸುತ್ತಿತ್ತು. ಸುತ್ತಲೆಲ್ಲ ಕೆಂಪು, ನಡುವೆ ಇದೊಂದು. ಕೆಟ್ಟಿದೆ ಎಂದು ಇಬ್ಬರೂ ಅದನ್ನು ಲೆಕ್ಕದಿಂದ ತೆಗೆದುಹಾಕಿದ್ದೆವು.

"ಕೆಟ್ಟಿಲ್ರಿ ಮೇಡಂ. ಮಧ್ಯಾಹ್ನ ಹೆಚ್ಚು ಉಸಿರಾಡ್ತದ, ನಸುಕಿನ್ಯಾಗ ಕಡಿಮಿ. ಕೆಟ್ಟ ಯಂತ್ರ ಹಂಗ ಮಾಡೂದಿಲ್ಲ."

ಇಡೀ ಓಣಿಯಲ್ಲಿ ಅತಿ ಹೆಚ್ಚು ಅರಿಶಿಣ ಬಿದ್ದದ್ದು ಆ ಕಲ್ಲಿಗೆ. ದಿನವೂ, ಒಂದು ದಿನವೂ ತಪ್ಪದೆ. ಕೋಟಿ ಕೋಟಿ ಜೀವಾಣುಗಳು ಅಲ್ಲಿ ಸತ್ತಿದ್ದವು. ಸಾಯದೆ ಉಳಿದ ಯಾವುದೋ ಕೆಲವು ಮರಿ ಹಾಕಿದ್ದವು, ಆ ಮರಿಗಳಲ್ಲೂ ಗಟ್ಟಿಯಾದವು ಉಳಿದಿದ್ದವು. ವರ್ಷಗಟ್ಟಲೆ ಕೂತು ನಾನು ಮಾಡಬೇಕಿದ್ದ ಕೆಲಸವನ್ನು ಒಬ್ಬ ಹೆಂಗಸಿನ ದುಃಖ ಮಾಡಿ ಮುಗಿಸಿತ್ತು.

ಕೆರೆದು ತಂದು ತಟ್ಟೆಯಲ್ಲಿ ಇಟ್ಟರೆ ಸತ್ತವು. ಮತ್ತೆ ತಂದೆವು, ಮತ್ತೆ ಸತ್ತವು. ಅವು ಒಂಟಿಯಾಗಿ ಬದುಕುವ ಜೀವಾಣುಗಳಾಗಿ ಉಳಿದಿರಲಿಲ್ಲ. ಬಾಂಬು ಬಿಡಿಸಿದ ಬಿರುಕುಗಳೊಳಗೆ ಪದರಪದರವಾಗಿ, ಒಂದನ್ನೊಂದು ಆತುಕೊಂಡು ಮನೆ ಮಾಡಿದ್ದವು. ಕಲ್ಲು ಬಿಟ್ಟರೆ ಅವುಗಳಿಗೆ ಬದುಕಿಲ್ಲ. ಸಾವಂತ್ರೆವ್ವನನ್ನು ಕೇಳಿ ಹೊಸ್ತಿಲ ಮೂಲೆಯಿಂದ ಅಡಿಕೆಯಷ್ಟು ಚೂರು ಒಡೆದುಕೊಂಡು ಹಿರೇಮಠರ ಬಾಗಿಲ ಬುಡದಲ್ಲಿ ಹೂಳಿದೆವು. ವಾರದಲ್ಲಿ ಅದರ ಸುತ್ತ ಅಂಗೈಯಗಲ ಹಸಿರಾಯಿತು, ಆಮೇಲೆ ಆಮೆಯ ಹಾಗೆ ತೆವಳತೊಡಗಿತು. ದಸರೆಯೊಳಗೆ ಪೂರ್ತಿ ಬಾಗಿಲು ಗಟ್ಟಿಯಾಗಬೇಕೆಂದರೆ ಒಂದೊಂದು ಬಾಗಿಲಿಗೂ ತೆಂಗಿನಕಾಯಿಯಷ್ಟು ತುಂಡು ಬೇಕು. ಸಾಯುತ್ತಿರುವ ಬಾಗಿಲುಗಳಿಗೆಲ್ಲ ಕೊಟ್ಟರೆ ಹೊಸ್ತಿಲು ಹೆಚ್ಚುಕಡಿಮೆ ಮುಗಿಯುತ್ತದೆ.

ಅದನ್ನು ಅವಳಿಗೆ ಹೇಳಬೇಕಾದವಳು ನಾನು. ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳುವ ತನಕ ಬಡಿಯುತ್ತಲೇ ಇದ್ದಳು. ಹೇಳಿ ಮುಗಿಸಿದ ಮೇಲೆ ಕೈ ನಿಂತಿತು.

"ಎಲ್ಲಾ ಹೋದ ಮ್ಯಾಲ ಅದೊಂದ ಉಳದೈತಿ ಜೈತೂನಾ. ಅದನ್ನೂ ಒಡೀಬೇಕಂತೀಯೇನು?"

"ನನಗ ಕೇಳಾಕ ಬಾಯಿಲ್ಲ ದೊಡ್ಡವ್ವ. ಆದ್ರೂ ಕೇಳಾಕತ್ತೀನಿ."

"ಇಲ್ಲ" ಎಂದಳು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. "ಎದ್ದು ಹೋಗು. ಸಿಟ್ಟಿಲ್ಲ ನಿನ್ನ ಮ್ಯಾಲ. ಆದ್ರ ಹೋಗು."

ನಾನು ಒತ್ತಾಯಿಸಲಿಲ್ಲ. ಮನೆಗೆ ಬಂದು ಅಮ್ಮಿಯ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅಮ್ಮಿ ಸಮಾಧಾನ ಹೇಳಲಿಲ್ಲ, "ಆಕಿ ಹೇಳಿದ್ದು ಖರೇನ ಐತಿ" ಎಂದಳು ಅಷ್ಟೇ. ಅರಕೇರಿಯವರು ಯಾವ ದಿನವೆಂದು ಫೋನು ಮಾಡಿ ತಿಳಿಸಿದರು. ನಾಗನಾಥ ಬೇರೆ ದಾರಿ ಹುಡುಕುತ್ತಲೇ ಇದ್ದ, ನಾನೂ ಹುಡುಕುತ್ತಲೇ ಇದ್ದೆ. ಕೈಚೆಲ್ಲಿ ಕೂರುವುದು ನಮ್ಮಿಬ್ಬರಿಗೂ ಬರುತ್ತಿರಲಿಲ್ಲ. ದಾರಿ ಮಾತ್ರ ಇರಲಿಲ್ಲ.

ಆ ವಾರದ ಕೊನೆಗೆ ಸಾವಂತ್ರೆವ್ವ ಯಾರಿಗೂ ಹೇಳದೆ ಬಸ್ಸು ಹತ್ತಿ ಬೈಪಾಸ್ ಆಚೆಯ ತಗಡಿನ ಕಾಲೊನಿ ನೋಡಲು ಹೋದಳು. ಸಂಜೆ ಬಸ್ಸಿಳಿದವಳು ಮನೆಗೂ ಹೋಗದೆ ಸೀದಾ ಗೋದಾಮಿಗೆ ಬಂದಳು. ಸೆರಗಿನ ತುಂಬ ಧೂಳು, ಮುಖದ ತುಂಬ ಸಿಟ್ಟು.

"ಅಲ್ಲಿ ಹೊಸ್ತಲಾನ ಇಲ್ಲ" ಎಂದಳು.

ನನಗೆ ತಕ್ಷಣ ತಿಳಿಯಲಿಲ್ಲ.

"ಸಾಲಿಗಿ ಸಾಲು ತಗಡಿನ ಖೋಲಿ. ಅಂಗಡಿ ಹಂಗ ಮ್ಯಾಲಿಂದ ಕೆಳಗ ಎಳಿಯೂ ಶಟರು. ಒಳಗೂ ಅದ ನೆಲ, ಹೊರಗೂ ಅದ ನೆಲ. ಎಲ್ಲಿ ಒಳಗಾತು, ಎಲ್ಲಿ ಹೊರಗಾತು ತಿಳಿಯೂದಿಲ್ಲ. ಅಲ್ಲಿ ಹೋದ್ರ ಅರಿಶಿಣ ಯಾತಕ್ಕ ಹಚ್ಚಲಿ, ತಗಡಿಗಿ ಹಚ್ಚಲೇನು?" ನೀರಿನ ತಂಬಿಗೆ ಎತ್ತಿ ಗಟಗಟ ಕುಡಿದಳು. "ನನ್ನ ಹೊಸ್ತಲಾ ಇಟಗೊಂಡು ಊರು ಕಳಕೊಂಡ್ರ, ಆ ಬುಲ್ಡೋಜರ್ ಅದನ್ನೂ ಬಿಡೂದಿಲ್ಲಲ್ಲ. ಅವರು ಅವತ್ತ ಅದರ ಮ್ಯಾಲ ನಿಂತಿದ್ದು ಕಲ್ಲು ಕಾಯಾಕಲ್ಲ, ಮಂದೀನ್ನ ಒಳಗ ಕರೀಲಾಕ. ನಾಳೆ ಮುಂಜಾನೆ ಬಾ. ಒಂದ ಮಾತು, ಮೊದಲ ಪೆಟ್ಟು ನಾ ಹಾಕ್ತೀನಿ. ಬ್ಯಾರೆಯವರು ಹಾಕಿದ್ರ ನನಗ ತಡಕೊಳ್ಳಾಕ ಆಗೂದಿಲ್ಲ."

ಮರುದಿನ ಓಣಿಗೆ ಓಣಿಯೇ ಅವಳ ಬಾಗಿಲ ಮುಂದೆ ಸೇರಿತ್ತು. ನಿಲುವುಗಲ್ಲುಗಳಿಗೆ ಆಸರೆ ಕೊಟ್ಟು ಹೊಸ್ತಿಲನ್ನು ಮೀಟಿ ತೆಗೆದು ಗೋಣಿಚೀಲದ ಮೇಲೆ ಮಲಗಿಸಿದ್ದರು. ಸಾವಂತ್ರೆವ್ವ ಅದಕ್ಕೆ ಕೊನೆಯ ಸಲ ಅರಿಶಿಣ ಹಚ್ಚಿದಳು. ನಾನು ತಡೆಯಲಿಲ್ಲ, ಅದರೊಳಗಿದ್ದವಕ್ಕೆ ಅದು ಈಗ ಊಟದ ಉಪ್ಪಿನ ಹಾಗೆ. ಆಮೇಲೆ ಸುತ್ತಿಗೆ ಎತ್ತಿದಳು. ಮೊದಲ ಪೆಟ್ಟಿಗೆ ಕಲ್ಲು ಜಗ್ಗಲಿಲ್ಲ. ಎರಡನೆಯದಕ್ಕೆ ಅವಳ ಬಾಯಿಂದ ಒಂದು ದನಿ ಬಂತು, ಅಳು ಎನ್ನಬೇಕೋ ಏನೆನ್ನಬೇಕೋ ತಿಳಿಯಲಿಲ್ಲ. ಮೂರನೆಯದಕ್ಕೆ ಬಾಂಬು ಬಿಡಿಸಿದ್ದ ಬಿರುಕಿನ ಗುಂಟವೇ ಕಲ್ಲು ಬಿಟ್ಟುಕೊಂಡಿತು. ಒಳಮೈ ತುಂಬ ತೆಳ್ಳನೆಯ ಬಿಳಿ ಎಳೆಗಳು ಹರಡಿದ್ದವು, ಅಲ್ಲಲ್ಲಿ ಹಳದಿ. ಉಳಿದದ್ದನ್ನು ಬಡಿಗೇರರು ಒಡೆದರು.

ಒಂದೊಂದು ಮನೆಯವರೂ ಬಂದು ಸೆರಗಿನಲ್ಲಿ, ಟವೆಲಿನಲ್ಲಿ ತುಂಡು ಇಸಿದುಕೊಂಡರು. ಅಮ್ಮಿಯೂ ಸಾಲಿನಲ್ಲಿ ನಿಂತಿದ್ದಳು. ನಮ್ಮ ಬಾಗಿಲಿಗೆ ಏನೂ ಆಗಿಲ್ಲವಲ್ಲ ಎಂದು ನಾನು ಹೇಳಹೊರಟೆ.

"ನೀ ಸುಮ್ಮನಿರು" ಎಂದಳು ಅಮ್ಮಿ. "ಸಾವಂತ್ರೆವ್ವ, ನಮ್ಮ ಬಾಗಲಕ್ಕೂ ಒಂದು ಕೊಡ. ಸಣ್ಣದಿದ್ರೂ ನಡೀತೈತಿ. ಆ ಮನಷ್ಯಾ ನನ್ನ ಒಳಗ ಎಳದು ತಾನು ಹೊರಗುಳದ."

ಸಾವಂತ್ರೆವ್ವ ಹುಡುಕಿ ಹುಡುಕಿ ಒಂದು ಒಳ್ಳೆಯ ತುಂಡನ್ನು ಅವಳ ಕೈಗಿಟ್ಟಳು. ಇಬ್ಬರು ಮುದುಕಿಯರೂ ಅಲ್ಲೇ ನಿಂತು ಅತ್ತರು. ನಾನೂ ಅತ್ತೆ, ನಾಗನಾಥ ಸಂವೇದಕಗಳ ಪೆಟ್ಟಿಗೆ ತೆರೆದು ಮುಚ್ಚಿ ಮಾಡಿದ.

ಮುಂದಿನ ವಾರಗಳಲ್ಲಿ ಬಾಗಿಲ ಬುಡಗಳು ಒಂದೊಂದಾಗಿ ಹಳದಿಗೆ, ಹಳದಿಯಿಂದ ಹಸಿರಿಗೆ ತಿರುಗಿದವು. ಓಣಿಯವರು ಬೆಲ್ಲದ ನೀರನ್ನು ಎರಡು ಹೊತ್ತು ಹಾಕಿದರು. ಸಾವಂತ್ರೆವ್ವನಿಗೆ ಉಳಿದದ್ದು ಎಲ್ಲರಿಗಿಂತ ಚಿಕ್ಕ ತುಂಡು. ಎಲ್ಲರಿಗೂ ಕೊಟ್ಟಾದ ಮೇಲೆ ತನ್ನ ಪಾಲಿಗೆ ಅಷ್ಟೇ ಇದ್ದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬೇರೆ ಕಲ್ಲಿನ ಹೊಸ್ತಿಲು ಹಾಕಿ ಅದರ ಕೆಳಗೆ ಆ ಚೂರು ಇಟ್ಟಿದ್ದಳು. ಅರಕೇರಿಯವರು ಬಂದ ದಿನ ನಮ್ಮ ಪರದೆಯ ಮೇಲೆ ಅವಳ ಬಾಗಿಲು ಇನ್ನೂ ಹಳದಿಯಾಗಿಯೇ ಇತ್ತು.

ಮರಳಿನ ಚೀಲಗಳು ಲಾರಿಯಲ್ಲಿ ಬಂದವು. ಹಿರೇಮಠರ ಮನೆ ಹೊತ್ತಿತು. ಬಡಿಗೇರರದು ಹೊತ್ತಿತು. ಬೇಪಾರಿಯವರದು, ಜಮಾದಾರರದು, ನಮ್ಮದು. ಒಂದೊಂದು ಮನೆ ಮುಗಿದಾಗಲೂ ಓಣಿ ಉಸಿರು ಬಿಡುತ್ತಿತ್ತು. ಎಲ್ಲ ಮುಗಿದು ಕೊನೆಗೆ ಅವಳ ಮನೆ ಉಳಿಯಿತು. ನಾನು ಅರಕೇರಿಯವರನ್ನು ಪಕ್ಕಕ್ಕೆ ಕರೆದು ಪರದೆಯ ಬಣ್ಣವನ್ನೂ ಅದರ ಕಾರಣವನ್ನೂ ಹೇಳಿದೆ. ಮುಚ್ಚಿಡುವುದು ಸರಿಯಲ್ಲ. ಅವರು ಬಾಗಿಲ ಬಳಿಗೆ ಹೋಗಿ ಬುಡವನ್ನು ಕೈಯಿಂದ ಮುಟ್ಟಿ ನೋಡಿದರು.

"ಯವ್ವಾ" ಎಂದರು ಆಮೇಲೆ. "ಊರಿಗೆಲ್ಲಾ ಕೊಟ್ಟು ನಿಮ್ಮ ಬಾಗಲಾ ಸೊರಗೇತಿ. ಇದೊಂದ ಮನಿ ಪರೀಕ್ಷಾ ಬ್ಯಾಡ. ಉಳದದ್ದೆಲ್ಲಾ ನಿಂತೈತಿ, ಅಷ್ಟ ಸಾಕು. ನಾ ಬರ್ಕೊತೀನಿ."

ಆ ಮನುಷ್ಯ ನಿಯಮ ಮುರಿಯಲು ಹೊರಟದ್ದು ಅದೇ ಮೊದಲು ಎಂದು ಕಾಣುತ್ತದೆ, ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಸಾವಂತ್ರೆವ್ವ ಸೆರಗು ಬಿಗಿದುಕೊಂಡು ಹೋಗಿ ಬಾಗಿಲಲ್ಲಿ, ತೊಲೆಗಲ್ಲಿನ ನೇರ ಕೆಳಗೆ, ಹೊಸ್ತಿಲ ಮೇಲೆ ಕುಳಿತಳು.

"ಹೇರ್‍ರಿ ಸಾಹೇಬ್ರ."

"ಎದ್ದು ಬರ್‍ರಿ ಯವ್ವಾ. ಒಳಗ ಮಂದಿ ಇರಬಾರದ್ರಿ."

"ನಾಳೆ ಇದರಾಗ ಇರಾಕಿ ನಾನು. ಇರೂಹಂಗಿದ್ರ ಇವತ್ತೂ ಇರ್ತೀನಿ. ಇರೂಹಂಗಿಲ್ಲಂದ್ರ ಊರಾನ ಮಂದಿಗೆ ಇದರಾಗ ಇರ್‍ರಿ ಅಂತ ಯಾವ ಬಾಯಿಲೆ ಹೇಳಲಿ? ಹೇರ್‍ರಿ."

ನಾನು ಹೋಗಿ ಅವಳ ಪಕ್ಕ ಕುಳಿತೆ. ಅವಳು ಬೈದಳು, ನಾನು ಏಳಲಿಲ್ಲ. ನನ್ನ ಗಾರೆ ಅದು, ನನ್ನ ಜಾಗ ಅದೇ. ಓಣಿಯವರು ಕೂಗಾಡಿದರು, ಅಮ್ಮಿ ಮುಖ ಮುಚ್ಚಿಕೊಂಡಳು. ಅರಕೇರಿಯವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ತಾವೇ ಏಣಿ ಹತ್ತಿ ಮೊದಲ ಚೀಲವನ್ನು ಮಾಳಿಗೆಯ ಮೇಲೆ ಮೆಲ್ಲಗೆ ಇಟ್ಟರು.

ಚೀಲದ ಮೇಲೆ ಚೀಲ ಬಿತ್ತು. ತಲೆಯ ಮೇಲೆ ತೊಲೆಗಲ್ಲು ಕಿರ್ ಎಂದಿತು. ಸಂದಿನಿಂದ ಸಣ್ಣಗೆ ಪುಡಿ ಉದುರಿ ಸಾವಂತ್ರೆವ್ವನ ನೆರೆಗೂದಲ ಮೇಲೆ ಕುಳಿತಿತು. ಅವಳು ನನ್ನ ಕೈ ಹಿಡಿದಳು. ಬೆನ್ನಿಗೆ ಹತ್ತಿದ ನಿಲುವುಗಲ್ಲು ಬೆಚ್ಚಗಿತ್ತು. ದುಡಿಯುತ್ತಿದೆ, ಒಳಗೆ ಇನ್ನೂ ದುಡಿಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೊಂದು ಚೀಲ, ಮತ್ತೊಂದು. ಪುಡಿ ಉದುರುವುದು ನಿಂತಿತು.

"ಮುಗೀತು" ಎಂದು ಮೇಲಿನಿಂದ ಅರಕೇರಿಯವರ ದನಿ ಕೇಳಿತು. "ಎರಡರಷ್ಟು ಪೂರಾ ಆತು. ಏಳ್ರಿ ಯವ್ವಾ. ನಿಮ್ಮ ಮನಿ ನಿಂತೈತಿ. ಊರು ಇಲ್ಲೇ ಕಟ್ಟೂಣು."

ಓಣಿಯಲ್ಲಿ ಎದ್ದ ಗದ್ದಲಕ್ಕೆ ಸಾವಂತ್ರೆವ್ವ ತಿರುಗಿಯೂ ನೋಡಲಿಲ್ಲ. ತಲೆಯ ಮೇಲಿನ ಪುಡಿಯನ್ನು ಕೊಡವಿಕೊಂಡಳು, ಕುಳಿತ ಜಾಗದಿಂದ ಅಲುಗಾಡಲಿಲ್ಲ.

"ಲಾರ್‍ಯಾಗ ಇನ್ನೂ ಚೀಲ ಅದಾವಲ್ಲ" ಎಂದಳು. "ಇನ್ನೆರಡು ಇಡ್ರಿ. ಇನ್ನ ಮ್ಯಾಲ ಈ ಬಾಗಲದಾಗ ಬಾಳ ಮಂದಿ ಬಂದು ಹೋಗೂದೈತಿ."

ಅರಕೇರಿಯವರು ಏಣಿಯಿಂದ ಇಳಿದು ಲಾರಿಯ ಕಡೆಗೆ ನಡೆದರು.